ಹದಿನೈದನೆಯ ಪದರ

ಮೇ ತಿಂಗಳಲ್ಲಿ ಅಂಚೆಯಲ್ಲಿ ಬಂದ ಪಟ್ಟಿಯಲ್ಲಿ ಈ ವರ್ಷವೂ ವರ್ನಿಟಾಳ ಹೆಸರಿನ ಮುಂದೆ ಐಸ್ ಎಂದೇ ಇತ್ತು. ಇಷ್ಟೇನಾ ಎಂದು ಅವಳಿಗೆ ಅನ್ನಿಸಬಾರದೆಂದೋ ಏನೋ, ಪಕ್ಕದಲ್ಲಿ ಕಾಗದದ ತಟ್ಟೆ ಎಂದೂ ಸೇರಿಸಿದ್ದರು. ಇಪ್ಪತ್ತೆರಡು ವರ್ಷದಿಂದ ಇದೇ ಹಾಡು. ಡಾನ್ಸ್‌ಬಿ ಮನೆತನದ ನೂರ ಮೂವತ್ತು ಜನ ಜುಲೈ ಎರಡನೆಯ ಶನಿವಾರ ಚರ್ಚಿನ ಹಿಂದಿನ ಊಟದ ಹಾಲಿನಲ್ಲಿ ಸೇರುತ್ತಾರೆ. ಕರಿದ ಕೋಳಿ ಒಬ್ಬರ ಪಾಲಿಗೆ, ಕಾಲರ್ಡ್ ಸೊಪ್ಪು ಇನ್ನೊಬ್ಬರಿಗೆ, ಚೀಸ್ ಸುರಿದು ಬೇಯಿಸಿದ ಮ್ಯಾಕರೋನಿ ಮತ್ತೊಬ್ಬರಿಗೆ. ಪಾಲು ಒಮ್ಮೆ ಬಂತೆಂದರೆ ಸಾಯುವವರೆಗೆ ಅವರದೇ. ಅಡುಗೆ ಬಾರದ ಎಳೆಯರಿಗೆ, ಹೊಸದಾಗಿ ಮದುವೆಯಾಗಿ ಬಂದವರಿಗೆ, ಅಡುಗೆಯಲ್ಲಿ ಯಾರೂ ನಂಬದವರಿಗೆ ಐಸ್.

ವರ್ನಿಟಾ ಎಳೆಯಳಲ್ಲ, ಐವತ್ತೆಂಟು ವರ್ಷದವಳು. ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ ಐದು ದಿನ ಮುನ್ನೂರ ಅರವತ್ತು ಮಕ್ಕಳಿಗೆ ಬೇಯಿಸಿ ಬಡಿಸುವವಳು. ಅವಳ ಕೈಯ ಬಿಸ್ಕತ್ತಿಗೆ ಮಕ್ಕಳು ಎರಡನೆಯ ಸಲ ಸಾಲು ನಿಲ್ಲುತ್ತವೆ. ಆದರೆ ಸ್ವಂತ ಮನೆತನದ ಮೇಜಿನ ಮೇಲೆ ಅವಳದು ಎನ್ನುವ ಒಂದು ಬೋಗುಣಿ ಇಲ್ಲ. ಆ ಪಟ್ಟಿಯಲ್ಲಿ ಒಂದು ತಿನಿಸಿನ ಮುಂದೆ ತನ್ನ ಹೆಸರು ನೋಡಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಅವಳಿಗೆ ಯಾವುದೂ ಉಳಿದಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ ಎಂದು ಸುಮ್ಮನಿದ್ದಳು, ಅಷ್ಟೇ.

ಇದಕ್ಕೆಲ್ಲ ಕಾರಣ ಒಂದು ಕೋಳಿ. ಇಪ್ಪತ್ತೆರಡು ವರ್ಷದ ಹಿಂದೆ ಕರಿದ ಕೋಳಿ ಅವಳ ಪಾಲಿಗಿತ್ತು, ಅವಳ ಅಮ್ಮನಿಂದ ಬಂದದ್ದು. ಆ ವಾರ ಮಗಳಿಗೆ ಜ್ವರ ಏರಿ ಎರಡು ದಿನ ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ಕೂತೇ ಕಳೆದಿದ್ದಳು. ಶನಿವಾರ ಬೆಳಿಗ್ಗೆ ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಅರವತ್ತು ತುಂಡು ಕೊಂಡು, ಅಮ್ಮನ ನೀಲಿ ಎನಾಮಲ್ ಪಾತ್ರೆಗೆ ಸುರಿದು, ಮೇಲೆ ಬಟ್ಟೆ ಮುಚ್ಚಿ ತಂದಳು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಯೂಲಾ ಅತ್ತೆ ಒಂದು ತೊಡೆ ಎತ್ತಿಕೊಂಡು ಕಚ್ಚಿದರು, ಅಗಿಯುವುದನ್ನು ನಿಲ್ಲಿಸಿದರು, ಇಡೀ ಹಾಲಿಗೆ ಕೇಳುವಂತೆ ಹೇಳಿದರು:

"ಈ ಕೋಳಿ ಯಾರ ಮನೆ ಒಲೆನೂ ನೋಡಿಲ್ಲ."

ನಗು ಮೇಜಿನಿಂದ ಮೇಜಿಗೆ ಹರಿಯಿತು. ಯಾರೋ ಹೋಗಿ ಅವಳ ಗಂಡ ಹೊರೇಸನ ಪಿಕಪ್ಪಿನಿಂದ ಅಂಗಡಿಯ ಖಾಲಿ ಪೆಟ್ಟಿಗೆಗಳನ್ನೂ ತಂದು ತೋರಿಸಿದರು. ಜ್ವರದ ಮಾತು ಯಾರ ಕಿವಿಗೂ ಬೀಳಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಕೋಳಿ ಬೇರೆಯವರ ಪಾಲಾಗಿತ್ತು.

ಈಗ ಬರುವುದು ಅವಳ ಹೊಟ್ಟೆ ಉರಿಸುವ ಸಂಗತಿ. ಮೂರು ವರ್ಷದ ಹಿಂದೆ ಅದೇ ಯೂಲಾ ಅತ್ತೆ ಅವಳಿಗೆ ಫೋನ್ ಮಾಡಿ ಮನೆಗೆ ಬಾ ಎಂದರು. ಅತ್ತೆ ಎಂದರೆ ವರ್ನಿಟಾಳ ಅಪ್ಪನ ಅಕ್ಕ, ಈಗ ತೊಂಬತ್ತೊಂದು ವರ್ಷ, ಮನೆತನದಲ್ಲಿ ಅವರ ಮಾತಿಗೆ ಎದುರಿಲ್ಲ. ಅವರ ಪಾಲಿನದು ಚಾಕೊಲೇಟಿನ ಪದರದ ಕೇಕ್. ಅಲಬಾಮಾದ ಈ ತೆಂಕಣ ಮೂಲೆಯಲ್ಲಿ ಕೇಕನ್ನು ಎತ್ತರದಿಂದ ಅಳೆಯುವುದಿಲ್ಲ, ಪದರ ಎಣಿಸುತ್ತಾರೆ. ಚಪಾತಿಗಿಂತ ಸ್ವಲ್ಪ ದಪ್ಪಗೆ ಒಂದೊಂದೇ ಪದರ ಬೇಯಿಸಿ, ಕುದಿಯುವ ಚಾಕೊಲೇಟ್ ಸುರಿದು, ಅದು ಆರುವ ಮುಂಚೆ ಮುಂದಿನದನ್ನು ಕೂರಿಸಬೇಕು. ಅತ್ತೆಯ ಅಮ್ಮನದು ಹದಿನಾಲ್ಕು ಪದರ, ಅತ್ತೆಯದೂ ಹದಿನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

"ಕೈ ನಡುಗ್ತದೆ," ಎಂದಿದ್ದರು ಅತ್ತೆ ಅಂದು, ಮುಖ ಕಿಟಕಿಯ ಕಡೆ ಮಾಡಿಕೊಂಡು. "ಕುದಿಯೋ ಪಾತ್ರೆ ಎತ್ತೋಕಾಗಲ್ಲ. ಕ್ಲೋಡೆಟ್‌ಗೆ ಹೇಳಿದ್ರೆ ನಾಳೆನೇ ನನ್ನನ್ನ ಮುದುಕರ ಮನೆಗೆ ಹಾಕ್ತಾಳೆ. ನೀನು ಮಾಡ್ಕೊಡು. ನಿನಗೆ ಬಾಯಿ ಮುಚ್ಕೊಂಡಿರೋದು ಗೊತ್ತು."

ಕ್ಲೋಡೆಟ್ ಅತ್ತೆಯ ಮಗಳು. ಮಾಂಟ್ಗೊಮರಿಯಲ್ಲಿ ಇರುತ್ತಾಳೆ, ತಿಂಗಳಿಗೊಮ್ಮೆ ಬರುತ್ತಾಳೆ, ಪಟ್ಟಿ ಬರೆಯುವವಳೂ ಅವಳೇ. ವರ್ನಿಟಾ ಐದು ಶನಿವಾರ ಅತ್ತೆಯ ಅಡುಗೆಮನೆಯಲ್ಲಿ ನಿಂತು ಬೈಸಿಕೊಂಡು ಕಲಿತಳು. ಇದು ಕ್ಷಮೆ ಎಂದೇ ತಿಳಿದಳು. ಇವತ್ತಲ್ಲ ನಾಳೆ ಅತ್ತೆಯೇ ಎದ್ದು ನಿಂತು, ಇದು ಇವಳು ಮಾಡಿದ್ದು ಎನ್ನುತ್ತಾರೆ ಎಂದು ನಂಬಿದಳು. ಮೊದಲ ವರ್ಷ ಅತ್ತೆ, "ಹೇಳ್ತೀನಿ, ತಡಿ," ಎಂದರು. ಎರಡನೆಯ ವರ್ಷ, "ಅವಸರ ಏನಿದೆ ನಿನಗೆ," ಎಂದರು. ಜನ ಕೇಕ್ ತಿಂದು ಕಣ್ಣು ಮುಚ್ಚಿ ಅತ್ತೆಯ ಕೈ ಹೊಗಳಿದರು. ಆ ಕೈ ಹೊಗಳುವ ಬಾಯಿಗಳೇ ತಿರುಗಿ, ವರ್ನಿಟಾ, ಐಸ್ ಮುಗೀತು ನೋಡು, ಎಂದವು.

ಈ ವರ್ಷ ಶುಕ್ರವಾರ ಮಧ್ಯಾಹ್ನ ಹದಿನಾಲ್ಕನೆಯ ಪದರ ಕೂರಿಸಿದ ಮೇಲೆ ಅವಳು ಮತ್ತೆ ಹಿಟ್ಟು ಕಲಸಿದಳು. ಹೊರೇಸ್ ಮೇಜಿನ ಬಳಿ ಕೂತು ಪಾತ್ರೆಗೆ ಅಂಟಿದ ಚಾಕೊಲೇಟನ್ನು ಕೆರೆದು ತಿನ್ನುತ್ತಿದ್ದ.

"ಹದಿನಾಲ್ಕು ಆಯ್ತಲ್ಲ," ಎಂದ.

"ನಂಗೆ ಎಣಿಸೋಕೆ ಬರತ್ತೆ."

"ಮತ್ತೆ?"

"ಅವರಮ್ಮಂದು ಹದಿನಾಲ್ಕು. ನಂದು ಹದಿನೈದು. ರೂಫಸ್ ಚಿಕ್ಕಪ್ಪ ನಾಳೆ ಎಲ್ಲರ ಮುಂದೆ ಎಣಿಸ್ತಾರಲ್ಲ, ಎಣಿಸಲಿ. ಒಂದು ಹೆಚ್ಚು ಹೇಗೆ ಬಂತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಏನು ಹೇಳ್ತಾರೋ ನೋಡ್ತೀನಿ."

ಹೊರೇಸ್ ಚಮಚ ನೆಕ್ಕಿ ಕೆಳಗಿಟ್ಟ. "ಬಾಯಿಬಿಟ್ಟು ಹೇಳೋದು ಬಿಟ್ಟು ಕೇಕಿನ ಕೈಲಿ ಹೇಳಿಸ್ತೀಯ."

"ನಾನು ಹೇಳಿದ್ರೆ ಕೋಳಿ ಕಥೆ ತೆಗೀತಾರೆ. ಆವತ್ತು ಅಂಗಡಿದನ್ನ ನಂದು ಅಂದ್ಳು, ಇವತ್ತು ಅತ್ತೆದನ್ನ ನಂದು ಅಂತಾಳೆ ಅಂತಾರೆ. ಅವರೇ ಹೇಳ್ಬೇಕು."

ಶನಿವಾರ ಬೆಳಿಗ್ಗೆ ಆರಕ್ಕೆ ಅವಳು ಕೇಕನ್ನು ಅತ್ತೆಯ ತಗಡಿನ ಡಬ್ಬಿಗೆ ಇಳಿಸಿ ಅವರ ಮನೆಯ ಹಿಂಬಾಗಿಲಿನಿಂದ ಕೊಟ್ಟು ಬಂದಳು. ಡಬ್ಬಿಯ ತಳಕ್ಕೆ ಯೂಲಾ ಎಂದು ಬರೆದ ಟೇಪು ಅಂಟಿತ್ತು. ಎಲ್ಲರ ಪಾತ್ರೆಯ ತಳದಲ್ಲೂ ಅಂಥದೊಂದು ಟೇಪು ಇರುತ್ತದೆ, ಊಟವಾದ ಮೇಲೆ ಯಾರದು ಯಾರ ಮನೆಗೆ ಎಂದು ಗೊತ್ತಾಗಲು. ವರ್ನಿಟಾಳ ಐಸ್ ಪೆಟ್ಟಿಗೆಗಳಿಗೆ ಟೇಪು ಬೇಕಿರಲಿಲ್ಲ. ಆರು ಪೆಟ್ಟಿಗೆಯೂ ಅವಳದೇ ಎಂದು ಊರಿಗೆಲ್ಲ ಗೊತ್ತು.

ಹನ್ನೊಂದು ಗಂಟೆಗೆ ಚರ್ಚಿನ ಅಂಗಳ ಕಾದ ಹೆಂಚಾಗಿತ್ತು. ಪೆಕಾನ್ ಮರಗಳ ಕೆಳಗೂ ಗಾಳಿ ಇರಲಿಲ್ಲ. ಗುಂಗುರು ಹುಳ ಕಣ್ಣಿಗೇ ನುಗ್ಗುತ್ತಿದ್ದವು. ನೂರ ಮೂವತ್ತು ಜನವೂ ಒಂದೇ ಕಿತ್ತಳೆ ಬಣ್ಣದ ಅಂಗಿ ತೊಟ್ಟಿದ್ದರು, ಬೆನ್ನ ಮೇಲೆ ವಂಶವೃಕ್ಷ. ಹೆಂಗಸರು ಬೋಗುಣಿಗಳನ್ನು ಎದೆಗವಚಿಕೊಂಡು ಕಾರಿನಿಂದ ಇಳಿದು, ಒಬ್ಬರದನ್ನೊಬ್ಬರು ಮುಚ್ಚಳ ಎತ್ತಿ ನೋಡಿ, ಎಷ್ಟು ಚೆನ್ನಾಗಿದೆಯೇ ಎಂದು ಹೇಳಿ, ಮೂಗು ಮುರಿಯುವುದನ್ನು ಬೆನ್ನು ತಿರುಗುವವರೆಗೆ ತಡೆದುಕೊಳ್ಳುತ್ತಿದ್ದರು. ವರ್ನಿಟಾ ಪಿಕಪ್ಪಿನ ಹಿಂದೆ ಬಗ್ಗಿ ಐಸಿನ ಚೀಲಗಳನ್ನು ಸಿಮೆಂಟಿಗೆ ಕುಕ್ಕಿ ಒಡೆಯುತ್ತಿದ್ದಳು. ಬೆರಳು ಮರಗಟ್ಟಿತ್ತು, ಬೆನ್ನು ಬೆವರಿನಲ್ಲಿ ತೊಯ್ದಿತ್ತು.

"ವರ್ನಿಟಾ, ನಿನ್ನ ಪದಾರ್ಥಕ್ಕೆ ಉಪ್ಪು ಸರಿಯಾಗಿದೆಯಾ?" ಎಂದು ಒಬ್ಬ ದಾಯಾದಿ ಲೋಟ ಚಾಚಿ ಕೇಳಿದ.

ಪ್ರತಿ ವರ್ಷದ ನಗೆಮಾತು. ಅವಳು ಪ್ರತಿ ವರ್ಷದಂತೆ ಲೋಟಕ್ಕೆ ಐಸ್ ಹಾಕಿದಳು.

ಪಾದ್ರಿಯ ಪ್ರಾರ್ಥನೆ ಕೋಳಿಯೆಲ್ಲ ಆರುವಷ್ಟು ಉದ್ದವಾಯಿತು. ಹಿರಿಯರಿಗೆ ಮೊದಲು ಬಡಿಸಿದರು. ಮೇಜಿನ ಮುಂದೆ ಸಾಲು ಹೊರಟಿತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಇದು ಯಾರು ಮಾಡಿದ್ದು. ಹೆಸರು ಕೇಳದೆ ಯಾರೂ ತಟ್ಟೆಗೆ ಹಾಕಿಕೊಳ್ಳುವುದಿಲ್ಲ. ಹೆಸರು ಹಿಡಿಸಿದರೆ ಎರಡು ಚಮಚ, ಹಿಡಿಸದಿದ್ದರೆ ಆಮೇಲೆ ಬರ್ತೀನಿ ಎಂದು ಮುಂದಕ್ಕೆ. ವರ್ನಿಟಾ ಎರಡು ಜಗ್ಗಿನಲ್ಲಿ ಸಕ್ಕರೆ ತುಂಬಿದ ಟೀ ಹಿಡಿದು ಮೇಜುಗಳ ನಡುವೆ ಓಡಾಡಿದಳು. ಅವಳು ಕಾಯುತ್ತಿದ್ದದ್ದು ಕೇಕಿನ ಹೊತ್ತಿಗಾಗಿ.

ಆ ಹೊತ್ತು ಬಂತು. ಎಂಬತ್ತನಾಲ್ಕರ ರೂಫಸ್ ಚಿಕ್ಕಪ್ಪ ಚಾಕುವನ್ನು ಕರವಸ್ತ್ರದಿಂದ ಒರೆಸಿ, ಕೇಕಿನಿಂದ ಒಂದು ಹೋಳು ಕತ್ತರಿಸಿ ಮಲಗಿಸಿ, ಚಾಕುವಿನ ತುದಿಯಿಂದ ಎಣಿಸತೊಡಗಿದರು. ಮಕ್ಕಳು ಜೊತೆಗೆ ಕೂಗಿದವು. ಹನ್ನೆರಡು, ಹದಿಮೂರು, ಹದಿನಾಲ್ಕು. ಮಕ್ಕಳು ಚಪ್ಪಾಳೆ ತಟ್ಟಲು ಕೈ ಎತ್ತಿದವು. ಚಿಕ್ಕಪ್ಪನ ಚಾಕು ಇನ್ನೂ ನಿಂತಿರಲಿಲ್ಲ.

"ಹದಿನೈದು," ಎಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಮೊದಲಿನಿಂದ ಎಣಿಸಿದರು. "ಹದಿನೈದೇ. ಅಕ್ಕಾ, ಇದೇನಿದು?"

ಎಲ್ಲರ ಮುಖ ಅತ್ತೆಯ ಕಡೆ ತಿರುಗಿತು. ವರ್ನಿಟಾ ಜಗ್ಗು ಹಿಡಿದು ನಿಂತಲ್ಲೇ ನಿಂತಳು. ಅತ್ತೆ ಫ್ಯಾನಿನ ಕೆಳಗೆ ಗಾಲಿಕುರ್ಚಿಯಲ್ಲಿ ಕೂತಿದ್ದರು, ಎರಡೂ ಕೈ ಮಡಿಲಿನ ಕರವಸ್ತ್ರದ ಕೆಳಗೆ. ಒಂದು ಗಳಿಗೆ ಅವರ ಕಣ್ಣು ವರ್ನಿಟಾಳ ಮೇಲೆ ನಿಂತಿತು. ಆಮೇಲೆ ತಮ್ಮನ ಕಡೆ ತಿರುಗಿತು.

"ಹಿಟ್ಟು ಉಳಿದಿತ್ತು," ಎಂದರು.

ಚಾವಣಿ ಹಾರಿಹೋಗುವಂತೆ ಎಲ್ಲರೂ ನಕ್ಕರು. ತೊಂಬತ್ತೊಂದು ವರ್ಷಕ್ಕೆ ಒಂದು ಪದರ ಜಾಸ್ತಿ ಮಾಡಿದ್ದಾಳಲ್ಲಪ್ಪ ಮುದುಕಿ, ಎಂದು ಗಂಡಸರು ಮೇಜು ಕುಟ್ಟಿದರು. ಕ್ಲೋಡೆಟ್ ಅಮ್ಮನ ಹಣೆಗೆ ಮುತ್ತಿಟ್ಟಳು. ಹೋಳುಗಳು ಕೈಯಿಂದ ಕೈಗೆ ಹೋದವು. ವರ್ನಿಟಾಳಿಗೆ ಜಗ್ಗನ್ನು ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು. ಅಪ್ಪಳಿಸಿದರೆ ಒರೆಸುವವಳೂ ತಾನೇ. ಜಗ್ಗನ್ನು ಮೇಜಿನ ಮೇಲಿಟ್ಟು, ಐಸಿನ ಬೋಗುಣಿ ಎತ್ತಿಕೊಂಡು ನೇರ ಅತ್ತೆಯ ಬಳಿ ಹೋದಳು.

"ಹೇಳ್ತೀನಿ ಅಂದಿದ್ರಿ," ಎಂದಳು, ಅವರ ಲೋಟಕ್ಕೆ ಬಗ್ಗಿ, ದನಿ ತಗ್ಗಿಸಿ.

"ಹೇಳ್ತೀನಿ. ಎಲ್ಲರೂ ಉಣ್ಣೋವಾಗ ಅಲ್ಲ."

"ನಂದನ್ನ ಎಲ್ಲರೂ ಉಣ್ಣೋವಾಗ್ಲೇ ಹೇಳಿದ್ರಿ."

ಅತ್ತೆಯ ಗದ್ದ ಮೇಲಕ್ಕೆ ಬಂತು. "ಅದು ಕೊಂಡು ತಂದ ಕೋಳಿ."

"ಇದು ಯಾರು ಮಾಡಿದ ಕೇಕು?"

ಅತ್ತೆ ಲೋಟದ ಕಡೆ ನೋಡಿ, "ಇನ್ನೆರಡು ಐಸ್ ಹಾಕು," ಎಂದರು.

ವರ್ನಿಟಾ ಹಾಕಿದಳು. ಒಂದೊಂದಾಗಿ, ಸದ್ದಾಗುವಂತೆ. "ಅತ್ತೆ, ಮುಂದಿನ ವರ್ಷ ನಂಗೆ ಫೋನ್ ಮಾಡ್ಬೇಡಿ. ಮುಂದಿನ ವರ್ಷ ನಾನು ತರೋದು ಈ ಐಸ್ ಒಂದೇ. ನಿಮ್ಮ ಡಬ್ಬಿ ಖಾಲಿ ಬಂದ್ರೆ ಯಾಕೆ ಅಂತ ನೀವೇ ಹೇಳ್ಕೊಳ್ಳಿ."

ಇಷ್ಟು ಹೇಳಿದ ಮೇಲೆ ಅವಳಿಗೆ ಹಗುರಾಗಬೇಕಿತ್ತು, ಆಗಲಿಲ್ಲ. ತೊಂಬತ್ತೊಂದರ ಮುದುಕಿಯನ್ನು ಹೆದರಿಸಿದೆನಲ್ಲ ಎಂದು ನಾಚಿಕೆಯೂ ಆಯಿತು, ಹೆದರಿದಂತೆ ಕಾಣಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಅಡುಗೆಮನೆಯ ಬಾಗಿಲಲ್ಲಿ ಹೊರೇಸ್ ಕೇಕಿನ ಹೋಳೊಂದನ್ನು ಕಾಗದದ ತಟ್ಟೆಯಲ್ಲಿಟ್ಟು ಅವಳಿಗೆ ಹಿಡಿದ. "ಕೊನೇದು ಇದೇ, ತಿನ್ನು," ಎಂದ. ಅವಳು ತಟ್ಟೆ ತೆಗೆದುಕೊಂಡಳು, ತಿನ್ನಲಿಲ್ಲ. ಮೂರು ವರ್ಷದಿಂದ ತಾನು ಮಾಡಿದ ಕೇಕನ್ನು ಈ ಹಾಲಿನಲ್ಲಿ ಅವಳು ಬಾಯಿಗಿಟ್ಟಿರಲಿಲ್ಲ. ಬೇರೆಯವರದು ಎಂದು ಹೇಳಿಕೊಂಡು ಅದನ್ನು ನುಂಗುವುದು ಅವಳಿಂದ ಆಗುತ್ತಿರಲಿಲ್ಲ.

ಎರಡೂವರೆಗೆ ಸಭೆ. ಮುಂದಿನ ವರ್ಷದ ಪಟ್ಟಿ ಆಗುವುದು ಇಲ್ಲೇ. ಕ್ಲೋಡೆಟ್ ಮೈಕ್ ಹಿಡಿದು, ಮೊದಲಿಗೆ ಒಂದು ಮರದ ಹಲಗೆಯನ್ನು ಎತ್ತಿ ತೋರಿಸಿದಳು. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಅಮ್ಮನ ಹೆಸರು, ಕೆಳಗೆ ಹದಿನಾಲ್ಕು ಪದರಗಳ ಕೈಗೆ ಮನೆತನದ ವಂದನೆ ಎಂದು ಕೆತ್ತಿಸಿದ್ದಳು.

"ಹದಿನೈದು ಅಂತ ಗೊತ್ತಿದ್ದಿದ್ರೆ ಹದಿನೈದು ಅಂತಲೇ ಕೆತ್ತಿಸ್ತಿದ್ದೆ," ಎಂದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ನಿಟಾ ಒಂದು ಕೈಯಲ್ಲಿ ತಟ್ಟೆ ಹಿಡಿದಿದ್ದಳಾದ್ದರಿಂದ ತಟ್ಟಲಿಲ್ಲ. ಹಲಗೆಯನ್ನು ಅತ್ತೆಯ ಮಡಿಲಿನಲ್ಲಿಟ್ಟರು. ಅತ್ತೆ ಕೈ ಹೊರಗೆ ತೆಗೆಯಲಿಲ್ಲ.

ಕ್ಲೋಡೆಟ್ ಪಟ್ಟಿ ಓದತೊಡಗಿದಳು. ಕೋಳಿ, ಆಯ್ತು. ಸೊಪ್ಪು, ಆಯ್ತು. ಮ್ಯಾಕರೋನಿ, ಬಟರ್ ಬೀನ್ಸ್, ಪೀಚ್ ಹಣ್ಣಿನ ಕಾಬ್ಲರ್, ಒಂದೊಂದಕ್ಕೂ ಒಂದೊಂದು ಮೂಲೆಯಿಂದ ಆಯ್ತು ಎಂಬ ದನಿ ಬಂತು.

"ಐಸ್, ಕಾಗದದ ತಟ್ಟೆ. ವರ್ನಿಟಾ, ಎಂದಿನ ಹಾಗೆ?"

"ಐಸ್," ಎಂದಳು ವರ್ನಿಟಾ. "ಬರ್ಕೋ. ಐಸ್ ಅಷ್ಟೇ. ಬೇರೆ ಏನೂ ಇಲ್ಲ." ಕ್ಲೋಡೆಟ್ ಕಡೆ ನೋಡದೆ ಅತ್ತೆಯನ್ನೇ ನೋಡುತ್ತ ಹೇಳಿದಳು.

"ಬೇರೆ ಏನಾದ್ರೂ ತಾ ಅಂತ ನಿನ್ನನ್ನ ಯಾರು ಕೇಳಿದ್ರು ಈಗ," ಎಂದು ಕ್ಲೋಡೆಟ್ ನಕ್ಕು ಪೆನ್ನು ಕಾಗದಕ್ಕೆ ತಾಗಿಸಿದಳು. "ಕೊನೇದು. ಪದರದ ಕೇಕ್. ಅಮ್ಮ."

ಆಯ್ತು ಎಂಬ ದನಿ ಬರಲಿಲ್ಲ. ಫ್ಯಾನು ಕಿರುಗುಡುತ್ತ ತಿರುಗಿತು. ಅಮ್ಮನಿಗೆ ಕೇಳಿಸಲಿಲ್ಲವೇನೋ ಎಂದು ಕ್ಲೋಡೆಟ್ ಮೈಕನ್ನು ಹತ್ತಿರ ಒಯ್ದಳು. "ಅಮ್ಮ, ಕೇಕ್ ನಿಂದೇ ಅಲ್ವಾ?"

"ಅವಳಿಗೆ ಐಸ್ ಬರೀಬೇಡ," ಎಂದರು ಅತ್ತೆ.

"ಯಾರಿಗೆ?"

"ವರ್ನಿಟಾಗೆ. ಒಬ್ಬಳೇ ಎಷ್ಟು ಅಂತ ಹೊರ್ತಾಳೆ? ಐಸೂ ಅವಳೇ, ಕೇಕೂ ಅವಳೇ."

"ಕೇಕ್ ನಿಂದಲ್ವಾ ಅಮ್ಮ."

ಅತ್ತೆ ಕರವಸ್ತ್ರದ ಕೆಳಗಿನಿಂದ ಬಲಗೈ ಹೊರತೆಗೆದು ಹಲಗೆಯ ಮೇಲಿಟ್ಟರು. ಕೈ ನಿಲ್ಲಲಿಲ್ಲ. ಮೈಕಿನ ಹತ್ತಿರವಿದ್ದುದರಿಂದ ಉಗುರು ಮರಕ್ಕೆ ಬಡಿಯುವ ಸದ್ದು ಇಡೀ ಹಾಲಿಗೆ ಕೇಳಿಸಿತು.

"ಮೂರು ವರ್ಷದಿಂದ ಅವಳೇ ಮಾಡ್ತಿರೋದು. ಈ ಕೈಲಿ ಚಮಚ ಬಾಯಿಗೆ ಹೋಗಲ್ಲ. ತಿಂಗಳಿಗೊಂದು ಸಲ ಬಂದು ನನ್ನ ಎದುರಿಗೇ ಕೂತು ಉಣ್ತೀಯ, ನೋಡಿಲ್ವಾ?"

ಕ್ಲೋಡೆಟ್‌ಳ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು. ಅವಳು ಮೈಕನ್ನು ಕೆಳಗಿಳಿಸಿ ಅಮ್ಮನ ಕೈ ಹಿಡಿಯಲು ಹೋದಳು. ಅತ್ತೆ ಹಿಡಿಯಲು ಬಿಡಲಿಲ್ಲ.

ಈಗ ಯಾರಾದರೂ ಎದ್ದು ತನ್ನ ಕಡೆ ತಿರುಗಿ ಒಂದು ಒಳ್ಳೆಯ ಮಾತು ಆಡಬಹುದು ಎಂದು ವರ್ನಿಟಾ ಕಾದಳು. ಹಿಂದಿನ ಮೇಜಿನಿಂದ ಒಬ್ಬಾಕೆ ಪಕ್ಕದವಳಿಗೆ ಹೇಳುವುದು ಕೇಳಿಸಿತು: "ಅದಕ್ಕೇ ಈ ಸಲ ಸಕ್ಕರೆ ಒಂಚೂರು ಮುಂದೆ ಅನ್ನಿಸ್ತು ನಂಗೆ."

"ಹೋದ ಸಲಾನೂ ಹಾಗೇ ಇತ್ತು," ಎಂದಳು ಪಕ್ಕದವಳು. "ಇವಳಿಗೆ ಇದು ಹೊಸದಲ್ಲ ಬಿಡು. ಆ ಕೋಳಿ ನೆನಪಿಲ್ವಾ?"

"ಎರಡು ಹೋಳು ತಿಂದು ತಟ್ಟೆ ನೆಕ್ಕಿದ್ದು ಯಾರಮ್ಮ?" ಎಂದರು ರೂಫಸ್ ಚಿಕ್ಕಪ್ಪ, ಹಿಂದಕ್ಕೆ ತಿರುಗದೆಯೇ.

ಮೂರು ವರ್ಷ ಕಣ್ಣು ಮುಚ್ಚಿಕೊಂಡು ತಿಂದ ನಾಲಿಗೆಗಳಿಗೆ ಹೆಸರು ಗೊತ್ತಾದ ಒಂದು ನಿಮಿಷಕ್ಕೆ ಸಕ್ಕರೆ ಹೆಚ್ಚಾಯಿತು. ಇವರಿಂದ ಹೊಗಳಿಸಿಕೊಳ್ಳಲೆಂದು ತಾನು ಇಪ್ಪತ್ತೆರಡು ವರ್ಷ ಐಸ್ ಹೊತ್ತೆನೇ ಎಂದು ವರ್ನಿಟಾಳಿಗೆ ಅಳು ಬಂದಂತಾಯಿತು. ತಾನೇ ಮಾತಾಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ದನಿ ಮತ್ತೆ ಬಂತು, ಮೈಕ್ ಇಲ್ಲದೆಯೂ ಗೋಡೆಗೆ ತಾಗುವಂತೆ.

"ಕೋಳಿ ಅಂಗಡಿದು. ಅದನ್ನ ನಾನು ವಾಪಸ್ ತಗೊಳ್ಳಲ್ಲ. ಆದ್ರೆ ಆವತ್ತು ಅವಳ ಮಗು ಹೇಗಿದೆ ಅಂತ ನಾನು ಕೇಳ್ಬೇಕಿತ್ತು, ಕೇಳಲಿಲ್ಲ. ಕೇಕ್ ಅವಳದು. ಬರಿ."

ಕ್ಲೋಡೆಟ್ ಬರೆದಳು. ಪೆನ್ನು ಕಾಗದದ ಮೇಲೆ ಓಡುವುದನ್ನು ವರ್ನಿಟಾ ಕಣ್ಣಾರೆ ನೋಡಿದಳು. ಕುಣಿದಾಡಬೇಕು ಎನ್ನಿಸುತ್ತದೆ ಎಂದುಕೊಂಡಿದ್ದಳು. ಈಗ ಎಲ್ಲಾದರೂ ಕೂತರೆ ಸಾಕು ಎನ್ನಿಸಿತು. ಕೂತಳು. ಹೊರೇಸ್ ಕುರ್ಚಿಯನ್ನು ಸ್ವಲ್ಪ ಅವಳ ಕಡೆಗೆ ಎಳೆದುಕೊಂಡ.

ಕ್ಲೋಡೆಟ್ ಕಾಗದದಿಂದ ತಲೆ ಎತ್ತಿದಳು. ಅವಳ ಕಣ್ಣು ಕೆಂಪಾಗಿತ್ತು, ಆದರೆ ಪಟ್ಟಿ ಪಟ್ಟಿಯೇ. "ಹಾಗಾದ್ರೆ ಐಸ್ ಯಾರು ತರ್ತೀರಿ?"

ಸಕ್ಕರೆ ಹೆಚ್ಚು ಎಂದವಳು ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ದಾಯಾದಿಗಳೆಲ್ಲ ಫ್ಯಾನಿನ ರೆಕ್ಕೆಗಳನ್ನು ನೋಡಿದರು. ಬೇಸಿಗೆಯ ನಡುವೆ ಆರು ಪೆಟ್ಟಿಗೆ ಐಸನ್ನು ಹೊತ್ತು ತಂದು, ಒಡೆದು, ಮೂರು ಗಂಟೆ ಹೊತ್ತು ಲೋಟಗಳ ಹಿಂದೆ ಓಡಾಡುವುದು ಎಂಥ ಕೆಲಸ ಎಂದು ಆ ಹಾಲಿನಲ್ಲಿ ಎಲ್ಲರಿಗೂ ಮೊದಲಿನಿಂದಲೇ ಗೊತ್ತಿದ್ದಂತಿತ್ತು.

"ಐಸ್," ಎಂದಳು ಕ್ಲೋಡೆಟ್ ಮತ್ತೊಮ್ಮೆ. "ಯಾರಾದ್ರೂ ಹೇಳಿ."

ಇಪ್ಪತ್ತೆರಡು ವರ್ಷ ಆ ಮಾತಿಗೆ ಆಯ್ತು ಎಂದು ಹೇಳಿ ಹೇಳಿ ರೂಢಿಯಾದ ವರ್ನಿಟಾಳ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅವಳು ತಟ್ಟೆಯಲ್ಲಿದ್ದ ಕೇಕಿನಿಂದ ದೊಡ್ಡದೊಂದು ತುತ್ತು ಮುರಿದು ಆ ಬಾಯಿಗೆ ಇಟ್ಟುಕೊಂಡಳು. ನಿಧಾನವಾಗಿ ಅಗಿದಳು. ಸಕ್ಕರೆ ಸರಿಯಾಗಿಯೇ ಇತ್ತು.